ಗಾಳಿಗೆ ಬಿದ್ದ ಪಕ್ಕದ ಮನೆಯ ಮರ: ನಷ್ಟ ಯಾರ ತಲೆಗೆ?

ಬಾಡಿಗೆದಾರ, ಬೆಂಗಳೂರು: ಮೊನ್ನೆಯ ಗಾಳಿಮಳೆಗೆ ಪಕ್ಕದ ಕಾಂಪೌಂಡಿನ ಗುಲ್‌ಮೊಹರ್ ಬುಡಸಮೇತ ಉರುಳಿ, ನಾವಿರುವ ಮನೆಯ ಶೀಟಿನ ಚಾವಣಿಯನ್ನೂ ನನ್ನ ಸ್ಕೂಟರನ್ನೂ ಜಜ್ಜಿಹಾಕಿದೆ. ಎರಡೂ ಬಾಡಿಗೆ ಮನೆಗಳೇ. ಆ ಮನೆಯ ಮಾಲೀಕರು ದೈವಿಚ್ಛೆ ಎನ್ನುತ್ತಾರೆ, ನಮ್ಮ ಮಾಲೀಕರು ಅವರನ್ನೇ ಕೇಳಿ ಎನ್ನುತ್ತಾರೆ. ನಾನು ಯಾರನ್ನು ಕೇಳಲಿ?

ಮನೆಮಾಲೀಕ, ಮೈಸೂರು: ಗಟ್ಟಿಮುಟ್ಟಾದ ಮರ ಬಿರುಗಾಳಿಗೆ ಬಿದ್ದರೆ ಮಾಲೀಕನನ್ನು ದೂರುವುದು ನ್ಯಾಯವಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನನ್ನದೇ ಅಂಗಳದ ಇಂಥ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿಯಲೂ ಬಿಡದೆ, ಬಿದ್ದ ಮೇಲೆ ನಷ್ಟವನ್ನೂ ಕಟ್ಟು ಎಂದರೆ ಹೇಗೆ?

ವಕೀಲೆ, ಧಾರವಾಡ: ಅನುಮತಿಗೆ ಅರ್ಜಿಯನ್ನೇ ಹಾಕದವರು ಆ ಕಾಯ್ದೆಯ ಮರೆಯಲ್ಲಿ ನಿಲ್ಲಲಾಗದು. ಮರ ಬೀಳುವ ಸ್ಥಿತಿಯಲ್ಲಿದೆ ಎಂಬುದು ಮಾಲೀಕರಿಗೆ ತಿಳಿದಿತ್ತೇ, ಅಥವಾ ಸಾಮಾನ್ಯ ಎಚ್ಚರವಿದ್ದವರಿಗೆ ತಿಳಿಯುವಂತಿತ್ತೇ ಎಂಬುದೇ ಇಲ್ಲಿನ ಪ್ರಶ್ನೆ. ತಿಳಿದೂ ಸುಮ್ಮನಿದ್ದರೆ ಅದು ನಿರ್ಲಕ್ಷ್ಯ. ಆಗ ದೈವಿಚ್ಛೆಯ ವಾದ ಸುಲಭವಾಗಿ ನಿಲ್ಲುವುದಿಲ್ಲ.

ಮರವಿದ್ದ ಮನೆಯ ಬಾಡಿಗೆದಾರ: ಕಳೆದ ವರ್ಷ ಚರಂಡಿಗೆಂದು ಅಗೆದಾಗ ಆ ಮರದ ಒಂದು ಪಕ್ಕದ ಬೇರುಗಳನ್ನು ಪೂರ್ತಿ ಕತ್ತರಿಸಿದ್ದರು. ಆಮೇಲೆ ಬುಡದಲ್ಲಿ ಅಣಬೆ ಎದ್ದಿತ್ತು, ಕಾಂಡ ನಿಮ್ಮ ಗೋಡೆಯತ್ತ ವಾಲಿತ್ತು. ಫೆಬ್ರುವರಿಯಲ್ಲೇ ಫೋಟೊ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿದ್ದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಈಗ ನನ್ನ ಮೇಲೂ ಹೊಣೆ ಬರುತ್ತದೆಯೇ?

ವಕೀಲೆ, ಧಾರವಾಡ: ತೋಟದ ನಿರ್ವಹಣೆ ನಿಮ್ಮದೆಂದು ಕರಾರಿನಲ್ಲಿದ್ದರೆ ನಿಮ್ಮನ್ನೂ ಎಳೆಯಬಹುದು, ಇಲ್ಲದಿದ್ದರೆ ಆ ಸಂದೇಶವೇ ನಿಮಗೆ ಆಸರೆ, ಅದನ್ನು ಅಳಿಸಬೇಡಿ. ಪ್ರಶ್ನೆ ಕೇಳಿದವರಿಗೂ ಒಂದು ಮಾತು: ಚಾವಣಿಯ ದುರಸ್ತಿಗೆ ಮೊದಲು ನಿಮ್ಮ ಮಾಲೀಕರಿಗೇ ಲಿಖಿತ ನೋಟಿಸ್ ಕೊಡಿ. ಅವರು ಮಾಡಿಸಬೇಕಾದ ದುರಸ್ತಿಯನ್ನು ಸಕಾಲದಲ್ಲಿ ಮಾಡಿಸದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ, ಕರಾರು ಬೇರೆ ಹೇಳದಿದ್ದಲ್ಲಿ, ನೀವೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಪಕ್ಕದವರಿಂದ ವಸೂಲಿ ಮಾಡುವುದು ನಿಮ್ಮ ಮಾಲೀಕರ ಪಾಡು. ಸ್ಕೂಟರಿನ ನಷ್ಟವನ್ನು ಮಾತ್ರ ನೀವೇ ಕೇಳಬೇಕು.

ಬಾಡಿಗೆದಾರ, ಬೆಂಗಳೂರು: ಸ್ಕೂಟರಿಗೆ ಇರುವುದು ಥರ್ಡ್ ಪಾರ್ಟಿ ವಿಮೆ ಮಾತ್ರ.

ಮನೆಮಾಲೀಕ, ಮೈಸೂರು: ಹಾಗಿದ್ದರೆ ವಿಮೆಯಿಂದ ಬಿಡಿಗಾಸೂ ಹುಟ್ಟದು. ಫೆಬ್ರುವರಿಯ ಸಂದೇಶ ಓದಿದ ಮೇಲೆ ನಾನು ಆ ಮಾಲೀಕರ ಪರ ಮಾತಾಡಲಾರೆ. ಆದರೆ ಬೇರು ಕತ್ತರಿಸಿದವರು ಯಾರು? ಚರಂಡಿ ಅಗೆಸಿದವರ ಪಾಲೂ ಇದರಲ್ಲಿದೆ.

ವಕೀಲೆ, ಧಾರವಾಡ: ಇರಬಹುದು. ಬೊಡ್ಡೆ ಇನ್ನೂ ಅಲ್ಲಿಯೇ ಇದೆಯೇ?

ಬಾಡಿಗೆದಾರ, ಬೆಂಗಳೂರು: ಇದೆ. ನಾಳೆ ಬೆಳಗ್ಗೆ ಲಾರಿ ತಂದು ಸಾಗಿಸುತ್ತಾರಂತೆ. ಈಗಲೇ ಟಾರ್ಚ್ ಹಿಡಿದು ಬೇರಿನ ಫೋಟೊ ತೆಗೆಯಲು ಹೋಗುತ್ತಿದ್ದೇನೆ.