ಲಿಲಿ ಆಲನ್‌ರ ‘ಸ್ಮೈಲ್’: ಕಾರ್ಡ್ ಎರಡೇ, ಆ ತೂಗಾಟ ಮಾತ್ರ ಬರ್ತಿಲ್ಲ

ಕಪ್ಪುಬಿಳಿ ಮನೆ
ನಮಸ್ಕಾರ. ಅಕ್ಕನ ಮಗಳು ಕಾಲೇಜು ಫೆಸ್ಟ್‌ನಲ್ಲಿ ಬ್ರಿಟಿಷ್ ಗಾಯಕಿ ಲಿಲಿ ಆಲನ್‌ರ ‘ಸ್ಮೈಲ್’ ಹಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಕೀಬೋರ್ಡ್ ನನ್ನದು. ಜಿ ಮೈನರ್ ಸೆವೆನ್, ಎಫ್, ಈ ಎರಡೇ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಸುತ್ತುತ್ತಿರುತ್ತವೆ. ಆದರೂ ನಾವು ನುಡಿಸಿದರೆ ಪ್ರತಿ ಪೆಟ್ಟಿಗೂ ದಪ್ಪಗೆ ಕೂತುಬಿಡುತ್ತದೆ. ಮೂಲದ ಹಗುರ ಎಲ್ಲಿಂದ ಬರುತ್ತದೆ?

ಇನ್ನೊಂದು ವಿಷಯ. ಅವಳು ಇದನ್ನು ಸಿಟ್ಟಿನಿಂದ ಹಾಡುತ್ತಾಳೆ. ಮೋಸ ಮಾಡಿದವನ ಬಗ್ಗೆ ಅಲ್ವಾ, ಸಿಟ್ಟು ಇರಲೇಬೇಕು ಅನ್ನುವುದು ಅವಳ ವಾದ. ನನಗೆ ಹಾಗನ್ನಿಸುವುದಿಲ್ಲ. ಯಾಕೆ ಅಂತ ಅವಳಿಗೆ ಬಿಡಿಸಿ ಹೇಳಬೇಕು, ಸಹಾಯ ಮಾಡಿ.

ಚೌಕಾಬಾರ
ವೇಗ ನಿಮಿಷಕ್ಕೆ ಸುಮಾರು 95 ಪೆಟ್ಟು ಇರಲಿ. ಎದುರಿಗೆ ಚಪ್ಪಾಳೆ ಶುರುವಾದರೆ ಕೈ ಓಡುತ್ತದೆ, ಬಿಡಬೇಡಿ.

ಮಂದ್ರ ತಂತಿ
ನಾನು ಬೇಸ್ ಗಿಟಾರ್ ನುಡಿಸುವವನು. ಈ ಹಾಡು ನನಗೆ ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಬಲಗೈ. ‘ಒಂದು-ಮತ್ತು-ಎರಡು-ಮತ್ತು’ ಅಂತ ನಾಲ್ಕರವರೆಗೆ ಬಾಯಲ್ಲಿ ಎಣಿಸಿ. ಕಾಲು ‘ಒಂದು’, ‘ಎರಡು’ ಅಂದಾಗ ತಟ್ಟಲಿ. ಕಾರ್ಡ್ ‘ಮತ್ತು’ ಅಂದಾಗ ಮಾತ್ರ ಬೀಳಲಿ. ಮುಟ್ಟಿದ ಕೂಡಲೇ ಬೆರಳು ಎತ್ತಿ. ಸ್ವರವನ್ನು ಎಳೆದು ಹಿಡಿಯುವ ಸಸ್ಟೈನ್ ಪೆಡಲ್ ಬೇಡವೇ ಬೇಡ. ಜಮೈಕಾದ ರೆಗ್ಗೆ ಸಂಗೀತದಲ್ಲಿ ಇದಕ್ಕೆ ಸ್ಕ್ಯಾಂಕ್ ಅನ್ನುತ್ತಾರೆ. ಕರ್ನಾಟಕ ಸಂಗೀತದಲ್ಲಿ ಅನಾಗತ ಎಡುಪಿನ ಕೃತಿ ಕೇಳಿದ್ದರೆ ನಿಮಗೆ ಬೇಗ ಹಿಡಿಯುತ್ತದೆ. ತಾಳದ ಪೆಟ್ಟು ಮೊದಲು, ಸ್ವರ ಆಮೇಲೆ. ಪಿಯಾನೋ ಟೋನ್ ಬಿಟ್ಟು ಆರ್ಗನ್ ಹಾಕಿಕೊಳ್ಳಿ.

ಆ ಹಗುರದ ಮೂಲ ಜಮೈಕಾದಲ್ಲಿದೆ. ಹಾಡನ್ನು ತಯಾರಿಸಿದ ಫ್ಯೂಚರ್ ಕಟ್ ಜೋಡಿ ಸೋಲ್ ಬ್ರದರ್ಸ್ ತಂಡದ ‘ಫ್ರೀ ಸೋಲ್’ ಎಂಬ 1960ರ ದಶಕದ ರೆಕಾರ್ಡಿಂಗ್‌ನಿಂದ ತುಣುಕನ್ನು ಎತ್ತಿಕೊಂಡಿತು. ಆ ತಂಡದ ಜೀವಾಳ ಕೀಬೋರ್ಡ್ ವಾದಕ ಜಾಕಿ ಮಿಟ್ಟೂ. ಕಿಂಗ್‌ಸ್ಟನ್‌ನ ಸ್ಟುಡಿಯೋ ಒನ್‌ನಲ್ಲಿ, ಅದರ ಒಡೆಯ ಕ್ಲೆಮೆಂಟ್ ಡಾಡ್ ಅವರ ಕೈಕೆಳಗೆ ಎಷ್ಟೋ ಗಾಯಕರಿಗೆ ಹಿಮ್ಮೇಳ ನುಡಿಸಿದವರು ಇವರು. ಅದು ಸ್ಕಾ ಎಂಬ ವೇಗದ ಜಮೈಕನ್ ಸಂಗೀತದ ಓಟ ತಗ್ಗಿ, ರಾಕ್‌ಸ್ಟೆಡಿ ಎಂಬ ನಿಧಾನದ ಶೈಲಿ ಹುಟ್ಟಿದ ಕಾಲ. ನಿಧಾನವಾದ್ದರಿಂದ ಬೇಸ್‌ಗೆ ಜಾಗ ಸಿಕ್ಕಿತು, ಪೆಟ್ಟುಗಳ ನಡುವೆ ಗಾಳಿಯಾಡಿತು. ರೆಗ್ಗೆ ಬಂದದ್ದು ಅದರ ಬೆನ್ನಿಗೇ. ಮಿಟ್ಟೂ 1990ರಲ್ಲಿ ತೀರಿಕೊಂಡರು. 2006ರ ಜುಲೈನಲ್ಲಿ ‘ಸ್ಮೈಲ್’ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಎರಡು ವಾರ ಮೊದಲ ಸ್ಥಾನದಲ್ಲಿತ್ತು. ಅದನ್ನು ನೋಡಲು ಅವರು ಇರಬೇಕಿತ್ತು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಇನ್ನು ಸಿಟ್ಟು. ನಿಮ್ಮ ಅನ್ನಿಸಿಕೆಯೇ ಸರಿ. ಸಾಹಿತ್ಯ ಬರೆದುಕೊಂಡು ಓದಿ. ಅವನು ಪಕ್ಕದ ಮನೆ ಹುಡುಗಿಯ ಹಿಂದೆ ಹೋದ, ಇವಳು ಕುಸಿದಳು, ಗೆಳೆಯರು ಎತ್ತಿ ನಿಲ್ಲಿಸಿದರು. ಇದೆಲ್ಲ ಆಗಿಹೋಗಿದೆ. ಈಗ ಅವನೇ ಫೋನ್ ಮಾಡಿ ಗೋಳಾಡುತ್ತಿದ್ದಾನೆ. ಅತ್ತು ಮುಗಿದವಳ ಹಾಡು ಇದು, ಅದಕ್ಕೇ ದನಿ ಏರುವುದಿಲ್ಲ. ಬೈಗುಳದ ಪದವನ್ನೂ ಆಲನ್ ಸುಮ್ನೆ ಮಾತಾಡುವ ಲಂಡನ್ ದನಿಯಲ್ಲೇ ಹೇಳಿ ಮುಂದೆ ಹೋಗುತ್ತಾರೆ. ಪಲ್ಲವಿಯಲ್ಲಿ ಒಂದು ಗಳಿಗೆ ಪಾಪ ಅನ್ನಿಸಿದ್ದನ್ನೂ ಹಾಡಿನವಳು ಒಪ್ಪಿಕೊಳ್ಳುತ್ತಾಳೆ. ಆ ಸಾಲನ್ನು ನಿಮ್ಮ ಹುಡುಗಿ ನಿಜವಾಗಿ ಮೆತ್ತಗೆ ಹಾಡಲಿ. ಆಗ ಮುಂದಿನ ನಗು ಕುಟುಕುತ್ತದೆ.

ಬೆಳ್ಳಿಮೋಡ
ಹಾಡು ಒಪ್ಪುತ್ತೇನೆ, ವಿಡಿಯೋ ಮಾತ್ರ ಹಿಡಿಸಲಿಲ್ಲ. ಜನ ಬಿಟ್ಟು ಹೊಡೆಸುವುದು, ಕಾಫಿಗೆ ಭೇದಿ ಮಾತ್ರೆ ಹಾಕುವುದು, ಅವನ ರೆಕಾರ್ಡುಗಳನ್ನು ಗೀಚಿ ಹಾಳು ಮಾಡುವುದು. ಇದ್ಯಾವುದೂ ಹಾಡಿನಲ್ಲಿಲ್ಲ. ಹಾಡಿನವಳು ಏನೂ ಮಾಡದೆ ಗೆಲ್ಲುತ್ತಾಳೆ, ಅದೇ ಚೆಂದ. ವಿಡಿಯೋ ನೋಡಿ ಹಾಡಿದರೆ ಸಿಟ್ಟು ಬಂದೇ ಬರುತ್ತದೆ.

ಕಪ್ಪುಬಿಳಿ ಮನೆ
ಅವಳು ವಿಡಿಯೋ ನೋಡಿಯೇ ಕಲಿತದ್ದು! ಇವತ್ತು ಬರೀ ಆಡಿಯೋ ಹಾಕಿ ಕೂರಿಸಿದೆ, ಎರಡನೇ ಸಲಕ್ಕೇ ದನಿ ಇಳಿಯಿತು. ಪೆಡಲ್ ತೆಗೆದ ಮೇಲೆ ನನ್ನ ಕೈಯೂ ಹಗುರಾಗಿದೆ. ತುಂಬಾ ಥ್ಯಾಂಕ್ಸ್. ಕಹೋನ್ (ಮೇಲೆ ಕೂತು ಬಡಿಯುವ ಮರದ ಪೆಟ್ಟಿಗೆ) ನುಡಿಸುವ ಹುಡುಗನಿಗೆ ಏನು ಹೇಳಲಿ? ಎಲ್ಲ ಸಂದಿಯನ್ನೂ ತುಂಬಿಬಿಡುತ್ತಾನೆ.

ಮಂದ್ರ ತಂತಿ
ಎರಡಕ್ಕೆ, ನಾಲ್ಕಕ್ಕೆ ಪೆಟ್ಟಿಗೆಯ ಮೇಲಂಚಿನಲ್ಲಿ ಚಟ್ ಅನ್ನಿಸಲಿ, ಸಾಕು. ‘ಮತ್ತು’ ಜಾಗ ನಿಮ್ಮದು, ಅಲ್ಲಿಗೆ ಅವನು ಬರಬಾರದು.