ಮಾಣಿ, ನಿನ್ನ ಹೋಂಸ್ಟೇ ಫೋನ್ ಯಾರು ಎತ್ತಬೇಕು?

ಮಾಣಿ, ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ನನ್ನ ಮಧ್ಯಾಹ್ನದ ಅಡುಗೆ ಆದ ಹಾಗೆಯೇ. ಅದಕ್ಕೆ ವಾಯ್ಸ್ ಮೆಸೇಜಿನಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕೊಟ್ಟಿಗೆ ಕೆಲಸ ಮಾಡಿಕೊಳ್ಳುತ್ತಾ ಕೇಳು.

ನೀನು ಕೇಳಿದ್ದು, ಹೋಂಸ್ಟೇಗೆ ಒಬ್ಬ ವರ್ಚುವಲ್ ಅಸಿಸ್ಟೆಂಟ್ ಇಟ್ಟುಕೊಂಡರೆ ಉಪಯೋಗ ಇದೆಯಾ, ಸುಮ್ನೆ ದುಡ್ಡು ದಂಡವಾ ಅಂತ. ಅದರ ಕೆಳಗೆ ಅಣ್ಣ ಹಾಕಿದ್ದಾನೆ, "ಮುಖ ನೋಡದವರಿಗೆ ಸಂಬಳ ಕೊಡೋದು ಯಾವ ಬುದ್ಧಿ?" ಅಣ್ಣನಿಗೆ ಉತ್ತರ ಆಮೇಲೆ ಕೊಡುತ್ತೇನೆ. ಮೊದಲು ಅಮ್ಮನಿಗೆ ಹೇಳಿಬಿಡುತ್ತೇನೆ. ಅಮ್ಮಾ, ಇದು ಮೊಬೈಲಲ್ಲಿ ತಾನೇ ಮಾತಾಡುತ್ತದಲ್ಲ, ಆ ಮಷೀನ್ ಅಲ್ಲ. ಮನುಷ್ಯರೇ. ಅವರು ಅವರ ಮನೆಯಲ್ಲಿ ಕೂತು ನಮ್ಮ ವ್ಯವಹಾರದ ಮೆಸೇಜು, ಲೆಕ್ಕ, ಬುಕಿಂಗ್ ನೋಡಿಕೊಳ್ಳುತ್ತಾರೆ. ಅಷ್ಟೇ.

ನನ್ನ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳು. ಮನೆ ತುಂಬಾ ಉಪ್ಪಿನಕಾಯಿಗೆ ತಂದ ಮಾವಿನ ಮಿಡಿ. ಎರಡೂ ಕೈ ಸೊನೆ, ಉಪ್ಪು. ಫೋನ್ ಅಡುಗೆಮನೆ ಕಿಟಕಿಯಲ್ಲಿ, ನೆಟ್‌ವರ್ಕ್ ಸಿಗೋದು ಅಲ್ಲಿ ಮಾತ್ರ ಅಲ್ವಾ. ರಾತ್ರಿ ಸುಸ್ತಾಗಿ ಮಲಗುವುದು, ಬೆಳಿಗ್ಗೆ ಎದ್ದು ಭರಣಿ ತಿರುವುವುದು. ಹೀಗೆ ಮೂರು ದಿನ ಮೆಸೇಜ್ ನೋಡಿರಲಿಲ್ಲ. ನೋಡಿದಾಗ ಬೆಂಗಳೂರಿನಿಂದ ಒಬ್ಬರು ಮದುವೆಗೆ 40 ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಕೇಳಿದ್ದರು. ಕೊನೆಯ ಮೆಸೇಜು, "ಬೇಡ ಬಿಡಿ, ಬೇರೆ ಕಡೆ ಹೇಳಿದೆವು." ಆವತ್ತು ನಾನು ಊಟ ಮಾಡಲಿಲ್ಲ. ಉಪ್ಪಿನಕಾಯಿ ಚೆನ್ನಾಗಿಲ್ಲ ಅಂತ ಆರ್ಡರ್ ಹೋಗಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಉತ್ತರ ಕೊಡಲಿಲ್ಲ ಅಂತ ಹೋಯಿತು.

ನಿನ್ನದೂ ಅದೇ ಕಥೆ. ಡಿಸೆಂಬರ್ ರಜೆಗೆ ಜನ ಬರುವ ಹೊತ್ತಿಗೇ ನಿಮ್ಮ ಅಂಗಳದಲ್ಲಿ ಅಡಿಕೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬಂದ ದಿನ ಫೋನ್ ಎತ್ತುತ್ತೀಯಾ? ಅಡಿಕೆ ಬೇಯಿಸುವ ಹಂಡೆ ಮುಂದೆ, ಅದರ ಚೊಗರು ಮೆತ್ತಿದ ಕೈಯಲ್ಲಿ ಟೈಪ್ ಮಾಡುತ್ತೀಯಾ? ಮಳೆಗಾಲ ಬಂದರೆ ಕರೆಂಟೂ ಇಲ್ಲ, ಟವರೂ ಇಲ್ಲ. ಆದರೆ ನೀರು ತುಂಬಿದ ಜೋಗ ನೋಡಬೇಕು ಅನ್ನುವವರು ಫೋನ್ ಮಾಡೋದು ಅದೇ ಜುಲೈ, ಆಗಸ್ಟಿನಲ್ಲಿ. ಪೇಟೆಯವರಿಗೆ ಅಸಿಸ್ಟೆಂಟ್ ಅಂದರೆ ಟೈಮ್ ಉಳಿಸೋಕೆ. ನಮಗೆ ಹಾಗಲ್ಲ. ಕರೆಂಟು, ನೆಟ್‌ವರ್ಕ್ ಇರುವ ಕಡೆ ನಮ್ಮ ಪರವಾಗಿ ಒಬ್ಬರು ಕೂತಿರಬೇಕು.

ಇದರಲ್ಲಿ ನನಗೆ ಬಹಳ ಖುಷಿ ಕೊಟ್ಟ ವಿಷಯ ಒಂದಿದೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ಅಂತ ಇದೆ. ನಮ್ಮ ಫೋನ್ ಬಿಟ್ಟು ಇನ್ನೂ ನಾಲ್ಕು ಕಡೆ ಅದೇ ನಂಬರಿನ ವಾಟ್ಸಾಪ್ ತೆರೆಯಬಹುದು. ಒಂದು ಸಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಯಿತು, ಆಮೇಲೆ ನಮ್ಮ ಫೋನಿಗೆ ನೆಟ್ ಇಲ್ಲದಿದ್ದರೂ ಅವರ ಕಂಪ್ಯೂಟರಿನಲ್ಲಿ ಮೆಸೇಜ್ ಬರುತ್ತಲೇ ಇರುತ್ತದೆ. 14 ದಿನಕ್ಕಿಂತ ಜಾಸ್ತಿ ನಮ್ಮ ಫೋನ್ ತೆರೆಯದಿದ್ದರೆ ಮಾತ್ರ ಅದು ಕಟ್ ಆಗುತ್ತದೆ. ನಮ್ಮೂರಲ್ಲಿ ಎಂಥಾ ಮಳೆ ಬಂದರೂ ಅಷ್ಟು ದಿನ ಫೋನ್ ಸತ್ತಿರುವುದಿಲ್ಲ ಬಿಡು. ಒಂದೇ ಮಾತು, ಹೋಂಸ್ಟೇಗೆ ಬೇರೆ ಸಿಮ್ ತೆಗೆದುಕೋ. ಇಲ್ಲದಿದ್ದರೆ ನಮ್ಮ ಈ ಗ್ರೂಪಿನ ಜಗಳವನ್ನೆಲ್ಲ ಆ ಅಸಿಸ್ಟೆಂಟ್ ಓದುತ್ತಾ ಕೂರಬೇಕಾಗುತ್ತದೆ.

ನಾನು ಮೊದಲು ಮಾಡಿದ ತಪ್ಪೂ ಹೇಳುತ್ತೇನೆ, ನಗಬೇಡ. ಪರಿಚಯದವರು ಹೇಳಿದರು ಅಂತ ಬೆಂಗಳೂರಿನ ಒಬ್ಬ ಹುಡುಗನನ್ನು ಇಟ್ಟುಕೊಂಡೆ. ಚುರುಕು. ಇಂಗ್ಲಿಷ್ ಪಟಪಟ. ಮುಂಬೈಯಿಂದ ಒಬ್ಬರು, ನಮ್ಮ ಸಿದ್ದಾಪುರ ಕಡೆಯವರು, "ಜೀರಿಗೆ ಮಿಡಿ ಇದೆಯಾ?" ಅಂತ ಕೇಳಿದ್ದಾರೆ. ಇವನು, "ಇಲ್ಲ ಸರ್, ನಮ್ಮ ಉಪ್ಪಿನಕಾಯಿಗೆ ಜೀರಿಗೆ ಹಾಕುವುದಿಲ್ಲ" ಅಂತ ಉತ್ತರ ಕೊಟ್ಟಿದ್ದಾನೆ! ಜೀರಿಗೆ ಪರಿಮಳ ಬರುವ ಮಿಡಿಯ ಜಾತಿ ಅದು ಅಂತ ಪಾಪ ಅವನಿಗೆ ಹೇಗೆ ಗೊತ್ತಾಗಬೇಕು? ಅವರು ನನಗೇ ಫೋನ್ ಮಾಡಿ, "ಮಿಡಿ ಗೊತ್ತಿಲ್ಲದವರು ಮಿಡಿ ಮಾರುತ್ತೀರೇನಮ್ಮಾ?" ಅಂದರು. ನಾಚಿಕೆ ಆಯಿತು. ಹುಡುಗನದ್ದಲ್ಲ ತಪ್ಪು, ನನ್ನದು. ನಾನು ಅವನಿಗೆ ಒಂದಕ್ಷರ ಹೇಳಿಕೊಟ್ಟಿರಲಿಲ್ಲ.

ಈಗ ಇರುವವಳು ಶಿವಮೊಗ್ಗದ ವಿನೋಬನಗರದವಳು. ಬಿ.ಕಾಂ. ಓದಿದ್ದಾಳೆ, ಮನೆಯಲ್ಲಿ ಚಿಕ್ಕ ಮಗು, ಹೊರಗೆ ಕೆಲಸಕ್ಕೆ ಹೋಗೋಕಾಗಲ್ಲ. ದಿನಕ್ಕೆ ಎರಡು ಗಂಟೆ, ಬೆಳಿಗ್ಗೆ ಒಂದು, ಸಂಜೆ ಒಂದು. ತಿಂಗಳಿಗೆ 6,000 ಕೊಡುತ್ತೇನೆ. ಮಿಡಿ ಸೀಸನ್ನಿನಲ್ಲಿ ಒಂದು ಗಂಟೆ ಜಾಸ್ತಿ, ಅದಕ್ಕೆ ಬೇರೆ ದುಡ್ಡು. ಶುರು ಮಾಡುವ ಮೊದಲು ಅವಳನ್ನು ಎರಡು ದಿನ ಮನೆಗೆ ಕರೆದಿದ್ದೆ. ಮಿಡಿ ತಿನ್ನಿಸಿದೆ, ಭರಣಿ ತೋರಿಸಿದೆ. ಒಂದು ನೋಟ್‌ಬುಕ್ಕಿನಲ್ಲಿ ಗಿರಾಕಿಗಳು ಕೇಳುವ ಪ್ರಶ್ನೆ, ನಾನು ಕೊಡುವ ಉತ್ತರ ಎಲ್ಲ ಬರೆದುಕೊಟ್ಟೆ. ಎಣ್ಣೆ ಹಾಕುತ್ತೀರಾ, ಬೆಳ್ಳುಳ್ಳಿ ಇದೆಯಾ, ಎಷ್ಟು ದಿನ ಇಡಬಹುದು, ಪಾರ್ಸೆಲ್ಲಿನಲ್ಲಿ ಸೋರಿದರೆ ಏನು ಮಾಡುತ್ತೀರಿ. ಹತ್ತರಲ್ಲಿ ಎಂಟು ಜನ ಕೇಳೋದು ಇಷ್ಟೇ. ಅವಳು ಅದನ್ನೆಲ್ಲ ವಾಟ್ಸಾಪಿನ ‘ಕ್ವಿಕ್ ರಿಪ್ಲೈ’ಗೆ, ಅಂದರೆ ಮೊದಲೇ ಬರೆದಿಟ್ಟುಕೊಳ್ಳುವ ಉತ್ತರಕ್ಕೆ, ಹಾಕಿಕೊಂಡಳು. ಸ್ಪೀಡ್ ಪೋಸ್ಟ್ ನಂಬರ್ ಕಳಿಸುವುದು, ತಲುಪಿತಾ ಅಂತ ವಿಚಾರಿಸುವುದು, ಯಾರು ಎಷ್ಟು ಬಾಕಿ ಅಂತ ಗೂಗಲ್ ಶೀಟಿನಲ್ಲಿ ಬರೆಯುವುದು ಎಲ್ಲ ಅವಳದೇ. ಹೋದ ವರ್ಷ ತಗೊಂಡವರಿಗೆ ಈ ವರ್ಷ ಮಿಡಿ ಬಂದ ಕೂಡಲೇ ಅವಳೇ ಒಂದು ಮೆಸೇಜ್ ಹಾಕಿದಳು. ನನಗೆ ಹೊಳೆದೇ ಇರಲಿಲ್ಲ ಅದು. ಅರ್ಧ ಮಾಲು ಅದರಲ್ಲೇ ಖಾಲಿ.

ನಿನಗೂ ಹಾಗೇ. ಕೊಡಚಾದ್ರಿಗೆ ಜೀಪ್ ಎಲ್ಲಿ ಸಿಗುತ್ತದೆ, ತಾಳಗುಪ್ಪದಲ್ಲಿ ರೈಲಿಳಿದರೆ ಕರೆಯೋಕೆ ಬರುತ್ತೀರಾ, ಇಂಬಳ (ಜಿಗಣೆ) ಇದೆಯಾ, ಬಿಸಿನೀರು ಸಿಗುತ್ತದಾ. ಎಲ್ಲ ಬರೆದಿಡು. ಇಂಬಳ ಇದೆ ಅಂತಲೇ ಬರೆ, ಮುಚ್ಚಿಡಬೇಡ. ಗೂಗಲ್ ಮ್ಯಾಪಿನಲ್ಲಿ ನಿನ್ನ ಹೋಂಸ್ಟೇ ಪುಟಕ್ಕೆ ಅವರನ್ನು ‘ಮ್ಯಾನೇಜರ್’ ಅಂತ ಸೇರಿಸಬಹುದು, ನಿನ್ನ ಪಾಸ್‌ವರ್ಡ್ ಕೊಡಬೇಕಿಲ್ಲ. ವಿದೇಶದವರು ಬಂದು ಉಳಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರ ತುಂಬಿ ಸರ್ಕಾರಕ್ಕೆ ಕಳಿಸಬೇಕಲ್ಲ, ಅದನ್ನು ನೆನಪು ಮಾಡುವ ಕೆಲಸವೂ ಅವರಿಗೆ ಹೇಳು. ಆದರೆ ಜವಾಬ್ದಾರಿ ನಿನ್ನದೇ, ಮರೆತರೆ ಕೇಳೋದು ನಿನ್ನನ್ನೇ.

ಈಗ ಅಣ್ಣಾ, ನಿನಗೆ. ಮಂಡಿಗೆ ಅಡಿಕೆ ಹಾಕಿ ಬರುತ್ತೀಯಲ್ಲ, ಟೆಂಡರ್ ಆಗುವಾಗ ಪ್ರತಿ ಸಲ ಅಲ್ಲೇ ನಿಂತಿರುತ್ತೀಯಾ? ರೇಟು ಫೋನಲ್ಲೇ ತಾನೇ ಕೇಳೋದು? ಅಲ್ಲಿರುವ ನಂಬಿಕೆ ಇಲ್ಲೂ ಸಾಕು. ಆದರೆ ನಿನ್ನ ಹೆದರಿಕೆ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ದುಡ್ಡಿನ ವಿಷಯ ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಗಿರಾಕಿಗೆ ಅವಳು ನನ್ನ ಕ್ಯೂಆರ್ ಕೋಡಿನ ಚಿತ್ರ ಕಳಿಸುತ್ತಾಳೆ, ದುಡ್ಡು ನೇರ ನನ್ನ ಖಾತೆಗೆ ಬರುತ್ತದೆ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡ ಅಂತ ಮೊದಲ ದಿನವೇ ಹೇಳಿದ್ದೇನೆ. ಸಂಜೆ ನಾನು ಬ್ಯಾಂಕಿನ ಮೆಸೇಜ್ ನೋಡಿ "ಬಂತು" ಅಂದ ಮೇಲೆಯೇ ಪಾರ್ಸೆಲ್. ಓಟಿಪಿ, ಯುಪಿಐ ಪಿನ್ ಅವಳೂ ಕೇಳಿಲ್ಲ, ನಾನೂ ಕೊಟ್ಟಿಲ್ಲ. ದುಡ್ಡು ಬರೋಕೆ ಪಿನ್ ಬೇಕಾಗುವುದೇ ಇಲ್ಲ, ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ. ಮಾಣಿ, ಬಂದವರ ಆಧಾರ್ ನೀನೇ ಬಾಗಿಲಲ್ಲಿ ನೋಡು. ಕಂಪ್ಯೂಟರಿಗೆ ಕಳಿಸಲೇಬೇಕು ಅಂದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಸಾಕು.

ಲೆಕ್ಕ ಕೇಳಿದ್ದೆಯಲ್ಲ. ನೀನು ತಲೆಗೆ 1,800 ತೆಗೆದುಕೊಳ್ಳುತ್ತೀಯ. ನಾಲ್ಕು ಜನರ ಒಂದು ಗುಂಪು ಉತ್ತರ ಸಿಗದೆ ಬೇರೆ ಕಡೆ ಹೋದರೆ 7,200 ಹೋಯಿತು. ತಿಂಗಳಲ್ಲಿ ಹೀಗೆ ಎಷ್ಟು ಹೋಗುತ್ತದೆ, ನಿನ್ನ ಮಿಸ್ಡ್ ಕಾಲ್ ಎಣಿಸಿ ನೀನೇ ನೋಡು. ಐದಾರು ಇದ್ದರೆ ಕಣ್ಣುಮುಚ್ಚಿ ಇಟ್ಟುಕೋ. ಒಂದೋ ಎರಡೋ ಅಂದರೆ ಈಗಲೇ ಬೇಡ. ಇರುವುದು ಎರಡು ರೂಮು, ವರ್ಷಪೂರ್ತಿ ಸಂಬಳ ಕೊಡುವಷ್ಟು ಕೆಲಸ ಇಲ್ಲ ಅಂತ ನನಗೆ ಅನಿಸುತ್ತದೆ. ಜುಲೈನಿಂದ ಸೆಪ್ಟೆಂಬರ್, ಆಮೇಲೆ ಅಡಿಕೆ ಕೊಯ್ಲಿನ ಎರಡು ಮೂರು ತಿಂಗಳು, ಅಷ್ಟಕ್ಕೆ ಮಾತಾಡಿಕೋ.

ಒಂದಂತೂ ಕೊಡಲೇಬೇಡ. ಬಂದು ಬೇಸರ ಮಾಡಿಕೊಂಡು ಹೋದವರಿಗೆ ಉತ್ತರ ಕೊಡುವ ಕೆಲಸ. ಅಂಥವರಿಗೆ ನೀನೇ ಫೋನ್ ಮಾಡು. ನಾನು ಈಗಲೂ ಬಾಟಲಿ ಸೋರಿದೆ ಅಂತ ಬಂದರೆ ನಾನೇ ಮಾತಾಡುತ್ತೇನೆ. ಬೈಸಿಕೊಳ್ಳುವುದನ್ನು ಸಂಬಳ ಕೊಟ್ಟು ಬೇರೆಯವರ ತಲೆಗೆ ಕಟ್ಟಬಾರದು.

ಅವಳಿಗೆ ರಾತ್ರಿ ಮಗು ಮಲಗಿದ ಮೇಲೆ ಒಂದು ಗಂಟೆ ಬಿಡುವು ಇದೆಯಂತೆ, ಇನ್ನೊಂದು ಕೆಲಸ ಇದ್ದರೆ ಹೇಳಿ ಅಂದಿದ್ದಳು. ನೀನು ಮೊದಲು ಆ ಪ್ರಶ್ನೆ–ಉತ್ತರ ಬರೆದು ಫೋಟೋ ತೆಗೆದು ನನಗೆ ಹಾಕು. ಇಲ್ಲಿ ಬೇಡ, ನನಗೇ ಹಾಕು. ಓದಿ ನೋಡಿ ಅವಳನ್ನು ಕೇಳುತ್ತೇನೆ. ಕುಕ್ಕರ್ ಮೂರು ಕೂಗು ಕೂಗಿತು, ಇಡುತ್ತೇನೆ.