ರಾತ್ರಿ ಮಾತ್ರ ವಿಫಲವಾಗುವ ಡೆಸ್ಕ್‌ಟಾಪ್ ಯುಐ ಪರೀಕ್ಷೆಗಳು

ಪ್ರಶ್ನೆ: ವಿಂಡೋಸ್ ಡೆಸ್ಕ್‌ಟಾಪ್ ತಂತ್ರಾಂಶವೊಂದಕ್ಕೆ ನಾನು ಬರೆದಿರುವ ಸ್ವಯಂಚಾಲಿತ ಯುಐ (ಬಳಕೆದಾರರಿಗೆ ಕಾಣುವ ಪರದೆ, ಬಟನ್‌ಗಳ) ಪರೀಕ್ಷೆಗಳು, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಟೆಸ್ಟ್ ಯಂತ್ರವನ್ನು ತೆರೆದು ನೋಡುತ್ತಾ ಕುಳಿತಾಗ ಸರಿಯಾಗಿಯೇ ನಡೆಯುತ್ತವೆ, ಆ ಸಂಪರ್ಕ ಕಡಿದು ನಾನು ಹೊರಟರೆ ರಾತ್ರಿ ‘ಉಳಿಸು’ ಬಟನ್ ಒತ್ತುವಲ್ಲೇ ನಿಂತುಬಿಡುತ್ತವೆ. ಸ್ಕ್ರೀನ್‌ಶಾಟ್ ಪೂರ್ತಿ ಕಪ್ಪಾಗಿರುತ್ತದೆ. ಕಾಯುವ ಅವಧಿಯನ್ನು 5ರಿಂದ 30 ಸೆಕೆಂಡಿಗೆ ಏರಿಸಿದರೂ ಪ್ರಯೋಜನವಾಗಲಿಲ್ಲ. ಕಾರಣವೇನಿರಬಹುದು?

ಉತ್ತರ 1: ಆ ಕಪ್ಪು ಸ್ಕ್ರೀನ್‌ಶಾಟಿನಲ್ಲೇ ಸುಳಿವಿದೆ. ರಿಮೋಟ್ ಸಂಪರ್ಕ ಕಡಿದಾಗ ಆ ಸೆಷನ್‌ಗೆ (ಯಂತ್ರದಲ್ಲಿ ನೀವು ಲಾಗಿನ್ ಆಗಿ ತೆರೆದಿರುವ ಕೆಲಸದ ಅವಧಿಗೆ) ಚಿತ್ರ ಮೂಡಿಸುವ ಪರದೆಯಾಗಲಿ, ಮೌಸ್ ಕ್ಲಿಕ್ ಸ್ವೀಕರಿಸುವ ಸಕ್ರಿಯ ಡೆಸ್ಕ್‌ಟಾಪ್ ಆಗಲಿ ಉಳಿಯುವುದಿಲ್ಲ. ಹೀಗಾಗಿ ಎಷ್ಟು ಹೊತ್ತು ಕಾದರೂ ವ್ಯರ್ಥ. ಹೊರಡುವ ಮುನ್ನ ಅಡ್ಮಿನ್ ಅಧಿಕಾರದಲ್ಲಿ ‘ಟಿಎಸ್‌ಕಾನ್’ (tscon) ಕಮಾಂಡ್ ಬಳಸಿ ಸೆಷನ್ ಅನ್ನು ಕನ್ಸೋಲ್‌ಗೆ, ಅಂದರೆ ಆ ಯಂತ್ರದ ಸ್ವಂತ ಪರದೆಗೆ, ವರ್ಗಾಯಿಸಿ. ಯಂತ್ರ ಲಾಕ್ ಆಗದೆ ತೆರೆದೇ ಇರುವುದರಿಂದ, ಅದು ಪರೀಕ್ಷೆಗೆಂದೇ ಮೀಸಲಾಗಿರುವುದು ಒಳ್ಳೆಯದು.

ಉತ್ತರ 2: ಮೇಲಿನ ಮಾತು ಸರಿ, ಆದರೆ ಅದು ಅರ್ಧ ಪರಿಹಾರವೆಂದು ನನ್ನ ಅಭಿಪ್ರಾಯ. ಮೌಸ್ ಅನ್ನು ಸರಿಸಿ ಒತ್ತುವ ಬದಲು, ಆಟೊಮೇಶನ್ ಐಡಿಯಿಂದ (ಬಟನ್‌ಗೆ ಕೊಟ್ಟಿರುವ ಗುರುತಿನ ಹೆಸರಿನಿಂದ) ಬಟನ್ ಹುಡುಕಿ, ಯುಐ ಆಟೊಮೇಶನ್ ಎಂಬ ವಿಂಡೋಸ್ ಸೌಲಭ್ಯದ ‘ಇನ್ವೋಕ್’ ವಿಧಾನದಿಂದ ನೇರವಾಗಿ ಚಾಲನೆ ಕೊಟ್ಟರೆ, ಪರದೆಯ ಅವಲಂಬನೆ ಬಹುಮಟ್ಟಿಗೆ ತಪ್ಪುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಕನ್ಸೋಲ್‌ಗೆ ವರ್ಗಾಯಿಸಿದೊಡನೆ ರೆಸಲ್ಯೂಶನ್ ಇಳಿದು, ‘ಉಳಿಸು’ ಬಟನ್ ಪರದೆಯ ಕೆಳಗೆ ಮರೆಯಾಗಿತ್ತು! ‘ಇನ್ವೋಕ್’ ಬಳಸಿದ ಮೇಲೆ ನಿನ್ನೆ ರಾತ್ರಿ ಎಲ್ಲ ಪರೀಕ್ಷೆಗಳೂ ಪಾಸಾದವು.